ಕಾರಿಲ್ಲದೆ ಕದಲದ ಬಡಾವಣೆ: 'ಹದಿನೈದು ನಿಮಿಷ'ದ ಜಗಳದ ಬೇರು ಎಲ್ಲಿದೆ?

ಅಂಗಡಿ, ಶಾಲೆ, ಡಾಕ್ಟರು, ಪಾರ್ಕು ಎಲ್ಲವೂ ಮನೆಯಿಂದ ಹದಿನೈದು ನಿಮಿಷದೊಳಗೆ ಸಿಗಲಿ, ನಡೆದುಕೊಂಡೋ ಸೈಕಲ್ಲಿನಲ್ಲೋ ಹೋಗಿ ಬರುವಂತಿರಲಿ ಅಂದರೆ ಯಾರಾದರೂ ಬೇಡ ಅಂತಾರಾ? ಅಂದವರೂ ಇದ್ದಾರೆ. 2023ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಸುಮಾರು ಎರಡು ಸಾವಿರ ಜನ ಬೀದಿಗಿಳಿದು ಬೇಡ ಎಂದರು. 'ಹದಿನೈದು ನಿಮಿಷದ ನಗರ' ಎಂಬ ಈ ವಿಚಾರವನ್ನು 2016ರಲ್ಲಿ ಮುಂದಿಟ್ಟ ಪ್ಯಾರಿಸ್‌ನ ಪ್ರೊಫೆಸರ್ ಕಾರ್ಲೋಸ್ ಮೊರೆನೊ ಅವರಿಗೆ ಕೊಲೆ ಬೆದರಿಕೆಗಳೂ ಬಂದವು. ಬ್ರಿಟನ್ನಿನ ಆಗಿನ ಸಾರಿಗೆ ಸಚಿವ ಮಾರ್ಕ್ ಹಾರ್ಪರ್ 2023ರ ಅಕ್ಟೋಬರಿನಲ್ಲಿ ಪಕ್ಷದ ಸಮಾವೇಶದಲ್ಲೇ ಈ ಮಾತೆತ್ತಿ, ನೀವು ಎಷ್ಟು ಸಲ ಅಂಗಡಿಗೆ ಹೋಗಬಹುದು ಎಂದು ಸ್ಥಳೀಯ ಆಡಳಿತ ತೀರ್ಮಾನಿಸುವುದು ಸರಿಯಲ್ಲ ಎಂಬರ್ಥದಲ್ಲಿ ಮಾತಾಡಿದರು. 2025ರ ಅಕ್ಟೋಬರ್ ಕೊನೆಯಲ್ಲಿ ಆಕ್ಸ್‌ಫರ್ಡ್‌ನ ಕೆಲವು ರಸ್ತೆಗಳಲ್ಲಿ ಕಾರುಗಳಿಗೆ ತಾತ್ಕಾಲಿಕ ಶುಲ್ಕ ಶುರುವಾಯಿತು.

ದೂರದಿಂದ ಓದುವವರಿಗೆ ಈ ಸುದ್ದಿಯ ತಲೆಬುಡ ಗೊತ್ತಾಗುವುದಿಲ್ಲ. ಅಂಗಡಿ ಹತ್ತಿರ ಬಂದರೆ ಯಾರಿಗೆ ನಷ್ಟ? ಉತ್ತರ ಬೇಕಾದರೆ ಊರ ನಡುವಿನ ಗಲಾಟೆ ಬಿಟ್ಟು ಊರ ಅಂಚಿಗೆ ಹೋಗಬೇಕು. ಅಲ್ಲಿ ಸದ್ದುಗದ್ದಲ ಇಲ್ಲದ, ಆದರೆ ಕಾರಿಲ್ಲದೆ ಒಂದು ದಿನವೂ ಸಾಗದ ಬಡಾವಣೆಗಳಿವೆ. ಅಲ್ಲಿನ ಬದುಕು ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ಈ ಸಿಟ್ಟಿನ ಅರ್ಧ ಭಾಗ ಅರ್ಥವಾಗುತ್ತದೆ. ಉಳಿದ ಅರ್ಧ ಬರೀ ಗುಮಾನಿ.

ಎರಡು ಯೋಜನೆ, ಒಂದೇ ಗುಮಾನಿ

ಮೊದಲು ಆ ಗುಮಾನಿಯ ವಿಷಯ ಮುಗಿಸೋಣ. ಆಕ್ಸ್‌ಫರ್ಡ್‌ನಲ್ಲಿ ಇದ್ದದ್ದು ಎರಡು ಬೇರೆ ಬೇರೆ ಯೋಜನೆಗಳು. ಒಂದು ನಗರ ಆಡಳಿತದ್ದು: ದಿನಬಳಕೆಯ ಸೌಕರ್ಯಗಳು ಪ್ರತಿ ಬಡಾವಣೆಗೂ ಹತ್ತಿರ ಇರಬೇಕು. ಇನ್ನೊಂದು ಕೌಂಟಿ, ಅಂದರೆ ಜಿಲ್ಲಾ ಆಡಳಿತದ್ದು: ಆರು ಕಡೆ ಕ್ಯಾಮೆರಾ ಇಟ್ಟು, ನಿಗದಿತ ಹೊತ್ತಿನಲ್ಲಿ ಪರ್ಮಿಟ್ ಇಲ್ಲದ ಕಾರು ಹಾದುಹೋದರೆ ದಂಡ ಹಾಕುವುದು. ಬಸ್ಸಿಗೆ, ಸೈಕಲ್ಲಿಗೆ ತಡೆಯಿಲ್ಲ. ಕಾರಿನವರೂ ರಿಂಗ್ ರೋಡ್ ಸುತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದು. ಎರಡೂ ಸುದ್ದಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದವು. ಜನ ಎರಡನ್ನೂ ಕೂಡಿಸಿ ಓದಿದರು. 'ಹದಿನೈದು ನಿಮಿಷದಾಚೆ ಹೋದರೆ ದಂಡ' ಅನ್ನುವ ಮಾತು ಹುಟ್ಟಿದ್ದು ಹಾಗೆ. ಅದು ನಿಜವಲ್ಲ. ಆದರೆ ಅಷ್ಟು ಬೇಗ ನಂಬಿಕೆಯಾಗಿದ್ದಕ್ಕೆ ಕಾರಣವಿದೆ.

ಈ ನೆಮ್ಮದಿ ಹೇಗೆ ಹುಟ್ಟಿತು?

ಕಾರು ಬಂತು, ಜನ ದೂರ ಹೋದರು ಎಂದು ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಕಾರಿನಷ್ಟೇ ಪಾತ್ರ ಕಾನೂನಿಗೂ ಇದೆ.

ಊರಂಚಿನ, ಕಾರಿಲ್ಲದೆ ಸಾಗದ ಈ ಬಗೆಯ ಬಡಾವಣೆಯ ತವರು ಅಮೆರಿಕ. ಓಹಾಯೊ ರಾಜ್ಯದ ಯೂಕ್ಲಿಡ್ ಅನ್ನುವ ಪುಟ್ಟ ಊರು ತನ್ನ ಜಾಗವನ್ನು ಭಾಗ ಮಾಡಿತ್ತು: ಇಲ್ಲಿ ಒಂಟಿ ಮನೆ ಮಾತ್ರ, ಅಲ್ಲಿ ಅಪಾರ್ಟ್‌ಮೆಂಟ್, ಇನ್ನೊಂದು ಕಡೆ ಅಂಗಡಿ, ಮತ್ತೊಂದು ಕಡೆ ಕಾರ್ಖಾನೆ. ಭೂಮಾಲೀಕ ಕಂಪನಿಯೊಂದು ಕೋರ್ಟಿಗೆ ಹೋಯಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಊರಿನ ಪರ ತೀರ್ಪು ಕೊಟ್ಟಿತು. ಒಂಟಿ ಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟನ್ನು ಆ ತೀರ್ಪು ಸುತ್ತಲಿನ ಚಂದವನ್ನು ಹೀರಿ ಬದುಕುವ ಪರಾವಲಂಬಿ ಎಂದೇ ಕರೆಯಿತು. ಕಾರ್ಖಾನೆಯ ಹೊಗೆ ಮನೆಗೆ ಬಾರದಿರಲಿ ಅನ್ನುವುದು ನ್ಯಾಯವಾದ ಮಾತು. ಅದೇ ನೆಪದಲ್ಲಿ ಮೂಲೆ ಅಂಗಡಿಯನ್ನೂ ಬಾಡಿಗೆ ಮನೆಯನ್ನೂ ಹೊರಗೆ ಹಾಕಿದ್ದು ಬೇರೆಯದೇ ವಿಷಯ. ಯಾರು ಅಕ್ಕಪಕ್ಕದಲ್ಲಿ ಇರಬಾರದು ಎಂಬ ಲೆಕ್ಕಾಚಾರವೂ ಅದರೊಳಗಿತ್ತು.

ಆಮೇಲೆ ಒಂದರ ಮೇಲೊಂದು ಸೇರಿಕೊಂಡವು. 1934ರಲ್ಲಿ ಹುಟ್ಟಿದ ಕೇಂದ್ರ ಗೃಹಸಾಲ ಸಂಸ್ಥೆ ಇಂಥ ಹೊಸ ಬಡಾವಣೆಗಳ ಸಾಲಕ್ಕೆ ಭದ್ರತೆ ಕೊಟ್ಟಿತು. ಕರಿಯರು ಇರುವ ಪ್ರದೇಶಗಳನ್ನು ದೂರ ಇಟ್ಟಿತು. 1947ರಿಂದ ನ್ಯೂಯಾರ್ಕ್ ಬಳಿಯ ಲೆವಿಟೌನ್‌ನಲ್ಲಿ ಕೆಲವೇ ವರ್ಷಗಳಲ್ಲಿ 17,000ಕ್ಕೂ ಜಾಸ್ತಿ ಮನೆಗಳು ಎದ್ದವು. 1956ರ ಕಾನೂನು 41,000 ಮೈಲಿ, ಅಂದರೆ ಸುಮಾರು 66,000 ಕಿ.ಮೀ. ಹೆದ್ದಾರಿಗೆ ದಾರಿ ಮಾಡಿತು. ಇದೇ ಮಾದರಿಯನ್ನು ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ತಮ್ಮ ತಮ್ಮ ರೀತಿಯಲ್ಲಿ ಎತ್ತಿಕೊಂಡವು. ಮಿಕ್ಕ ದೇಶಗಳು ತುಂಡುತುಂಡಾಗಿ ತೆಗೆದುಕೊಂಡವು.

ಇಲ್ಲೊಂದು ತಮಾಷೆ ಇದೆ. ಮುಂದೆ ದಾರಿಯಿಲ್ಲದೆ ಮುಗಿಯುವ ಡೆಡ್ ಎಂಡ್ ರಸ್ತೆಗಳನ್ನು ಜನಪ್ರಿಯ ಮಾಡಿದ್ದು ನ್ಯೂಜೆರ್ಸಿಯ ರಾಡ್‌ಬರ್ನ್ ಬಡಾವಣೆ, 1929ರಲ್ಲಿ. ಕಾರಿಗೆ ಅಲ್ಲಿ ದಾರಿ ಮುಗಿಯುತ್ತಿತ್ತು, ನಡೆಯುವವರಿಗೆ ಮುಗಿಯುತ್ತಿರಲಿಲ್ಲ. ಮನೆಗಳ ಹಿಂದೆ ಕಾಲುದಾರಿ, ಪಾರ್ಕು, ರಸ್ತೆ ದಾಟಲು ಅಂಡರ್‌ಪಾಸ್ ಎಲ್ಲ ಇದ್ದವು. ಆ ನಂತರ ಬಂದ ಬಿಲ್ಡರುಗಳು ಡೆಡ್ ಎಂಡ್ ಇಟ್ಟುಕೊಂಡರು, ಕಾಲುದಾರಿ ಕೈಬಿಟ್ಟರು. ಕಾಲುದಾರಿಗೆ ಜಾಗ ಬಿಟ್ಟರೆ ಮಾರಲು ಸೈಟು ಕಮ್ಮಿಯಾಗುತ್ತದಲ್ಲ!

ಕಣ್ಣಿಗೆ ಹತ್ತಿರ, ಕಾಲಿಗೆ ದೂರ

ಇಂಥ ಬಡಾವಣೆಯ ಒಂದು ಮನೆಯನ್ನು ತೆಗೆದುಕೊಳ್ಳಿ. ಹಿತ್ತಿಲ ಬೇಲಿಯಾಚೆ ಇನ್ನೂರು ಮೀಟರ್ ದೂರದಲ್ಲಿ ಔಷಧಿ ಅಂಗಡಿಯ ಬೋರ್ಡು ಕಾಣುತ್ತದೆ. ನಡುವೆ ದಾರಿಯಿಲ್ಲ. ಮನೆಯ ಮುಂದಿನಿಂದ ಹೊರಟು ಸುತ್ತು ರಸ್ತೆಯಲ್ಲಿ ಬಡಾವಣೆಯ ಒಂದೇ ಒಂದು ಬಾಗಿಲಿಗೆ ಬರಬೇಕು. ಅಲ್ಲಿಂದ ದೊಡ್ಡ ರಸ್ತೆ ಹಿಡಿದು, ಸಿಗ್ನಲ್ ದಾಟಿ, ಅಂಗಡಿಯ ಮುಂದಿನ ಪಾರ್ಕಿಂಗ್ ಬಯಲನ್ನು ಹಾಯಬೇಕು. ಇನ್ನೂರು ಮೀಟರ್ ಎರಡು ಕಿಲೋಮೀಟರ್ ಆಗುವುದು ಹೀಗೆ. ನಡೆದರೆ ಇಪ್ಪತ್ತೈದು ನಿಮಿಷ, ಕಾರಿನಲ್ಲಿ ನಾಲ್ಕು. ಒಂದು ಸ್ಟ್ರಿಪ್ ಜ್ವರದ ಮಾತ್ರೆಗೂ ಕೈ ಕಾರಿನ ಕೀಲಿಗೇ ಹೋಗುತ್ತದೆ. ಇದನ್ನು ಸೋಮಾರಿತನ ಅನ್ನುವಂತಿಲ್ಲ. ಆ ನಕ್ಷೆಯಲ್ಲಿ ಬುದ್ಧಿ ಇರುವ ಯಾರಾದರೂ ಹಾಗೇ ಮಾಡುತ್ತಾರೆ.

ಈ ರಸ್ತೆ ಸದ್ದಿಲ್ಲದೆ ಇರುವುದಕ್ಕೂ ಇದೇ ಕಾರಣ. ಆ ದಾರಿಯಲ್ಲಿ ಬೇರೆಲ್ಲಿಗೂ ಹೋಗಲಾಗದು, ಹಾಗಾಗಿ ಹೊರಗಿನವರು ಬರುವುದಿಲ್ಲ. ನೆಮ್ಮದಿ ಕೊಟ್ಟ ನಕ್ಷೆಯೇ ದೂರವನ್ನೂ ಕೊಟ್ಟಿದೆ.

ಪಾರ್ಕಿಂಗ್ ಅನ್ನುವ ಕಾಣದ ಕೈ

ಅಂಗಡಿ ಹತ್ತಿರ ಬಾರದಿರಲು ಇನ್ನೊಂದು ಕಾರಣವಿದೆ, ಜನ ಅಷ್ಟಾಗಿ ಗಮನಿಸದ್ದು. ಅಮೆರಿಕದ ಎಷ್ಟೋ ಊರುಗಳಲ್ಲಿ ಸಾವಿರ ಚದರಡಿಯ ಅಂಗಡಿ ತೆರೆದರೆ ನಾಲ್ಕು ಕಾರಿನಷ್ಟು ಜಾಗ ಬಿಡಲೇಬೇಕು ಎಂಬಂಥ ನಿಯಮವಿತ್ತು. ಕಾರು ನಿಲ್ಲುವ ಜಾಗ, ಅದು ತಿರುಗುವ ಜಾಗ ಎರಡೂ ಸೇರಿದರೆ ಒಂದು ಕಾರಿಗೆ ಸುಮಾರು 300 ಚದರಡಿ ಬೇಕು. ನಾಲ್ಕು ಕಾರಿಗೆ 1,200. ಅಂದರೆ ಅಂಗಡಿಗಿಂತ ಅದರ ಪಾರ್ಕಿಂಗೇ ದೊಡ್ಡದು. ಹೋಟೆಲ್ಲಿಗೆ ಇನ್ನೂ ಜಾಸ್ತಿ. ಕುಡಿದು ಓಡಿಸಬಾರದು ಅನ್ನುವ ಅದೇ ಊರುಗಳು ಬಾರಿನ ಮುಂದೆ ಇಂತಿಷ್ಟು ಕಾರು ನಿಲ್ಲಲು ಜಾಗ ಇರಲೇಬೇಕು ಅನ್ನುತ್ತಿದ್ದವು!

ಇದರಿಂದ ಏನಾಗುತ್ತದೆ? ಪುಟ್ಟ ಸೈಟಿನಲ್ಲಿ ಪುಟ್ಟ ಅಂಗಡಿ ಕೂರುವುದಿಲ್ಲ. ದೊಡ್ಡ ಜಾಗ ಸಿಗುವುದು ಊರಾಚೆ, ಹೆದ್ದಾರಿಯ ಪಕ್ಕ. ಅಂಗಡಿ ಅಲ್ಲಿಗೆ ಹೋಗುತ್ತದೆ. ಅಲ್ಲಿಗೆ ಹೋಗಲು ಕಾರು ಬೇಕು. ಕಾರು ಜಾಸ್ತಿಯಾದ ಮೇಲೆ ಪಾರ್ಕಿಂಗ್ ನಿಯಮ ಸರಿ ಅನ್ನಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ಶೂಪ್ ದಶಕಗಳ ಕಾಲ ಹೇಳುತ್ತಾ ಬಂದದ್ದು ಇದನ್ನೇ: ಪುಕ್ಕಟೆ ಪಾರ್ಕಿಂಗ್ ಅನ್ನುವುದು ಇಲ್ಲ, ಅದರ ಖರ್ಚು ಕಾರಿಲ್ಲದವರ ಬಿಲ್ಲಿನಲ್ಲೂ ಸೇರಿರುತ್ತದೆ.

ಬಸ್ ಯಾಕೆ ಬರುವುದಿಲ್ಲ?

ಇದಕ್ಕೆ ಉತ್ತರ ಚಿಕ್ಕದು. ಅರ್ಧ ಗಂಟೆಗೊಂದು ಬಸ್ ಬಿಟ್ಟರೆ ಗಿಟ್ಟಬೇಕಾದರೆ ಎಕರೆಗೆ ಸುಮಾರು ಏಳು ಮನೆಯಾದರೂ ಬೇಕು ಎಂದು 1977ರ ಒಂದು ಅಮೆರಿಕನ್ ಅಧ್ಯಯನ ಲೆಕ್ಕ ಹಾಕಿತ್ತು. ಯೋಜನೆ ಮಾಡುವವರು ಈಗಲೂ ಅದನ್ನೇ ಉದಾಹರಿಸುತ್ತಾರೆ. ಅರ್ಧ ಎಕರೆಗೊಂದು ಮನೆಯಿರುವ ಕಡೆ ಎಕರೆಗೆ ಎರಡೇ ಮನೆ. ಬಸ್ಸು ಡೆಡ್ ಎಂಡ್ ಒಳಗೆ ನುಗ್ಗಲಾಗದು, ದೊಡ್ಡ ರಸ್ತೆಯಲ್ಲೇ ನಿಲ್ಲಬೇಕು. ನಿಲ್ದಾಣ ಅಂದರೆ ಹುಲ್ಲಿನ ಮೇಲೊಂದು ಕಂಬ, ಅಷ್ಟೇ. ನೆರಳಿಲ್ಲ, ಬೆಂಚಿಲ್ಲ, ಅಲ್ಲಿಗೆ ಹೋಗಲು ಫುಟ್‌ಪಾತೂ ಇಲ್ಲ. ಹತ್ತುವವರು ಇಲ್ಲ ಎಂದು ಬಸ್ಸು ಗಂಟೆಗೊಂದಾಗುತ್ತದೆ. ಗಂಟೆಗೊಂದಾಯಿತು ಎಂದು ಇದ್ದ ನಾಲ್ಕು ಜನವೂ ಬಿಡುತ್ತಾರೆ.

ನೆಮ್ಮದಿ ಸುಳ್ಳಲ್ಲ

ಇಷ್ಟು ಓದಿದ ಮೇಲೆ ಇಂಥ ಕಡೆ ಇರುವವರೆಲ್ಲ ಸಂಕಟಪಡುತ್ತಿದ್ದಾರೆ ಅನ್ನಿಸಬಹುದು. ಹಾಗೇನಿಲ್ಲ. ನಗರ ಯೋಜಕರು ಎಡವುವುದು ಇಲ್ಲೇ.

ಸದ್ದಿಲ್ಲದ ರಸ್ತೆಯ ಲಾಭ ದೊಡ್ಡದು. 1960ರ ದಶಕದ ಕೊನೆಯಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಮತ್ತು ಸಂಗಡಿಗರು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನೋಡಲು ಒಂದೇ ತರಹ ಇರುವ ಮೂರು ರಸ್ತೆಗಳನ್ನು ಹೋಲಿಸಿದರು. ದಿನಕ್ಕೆ ಸುಮಾರು 2,000 ವಾಹನ ಓಡಾಡುವ ರಸ್ತೆಯಲ್ಲಿ ಒಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. 16,000 ವಾಹನಗಳ ರಸ್ತೆಯಲ್ಲಿ ಒಬ್ಬರಿಗಿಂತಲೂ ಕಮ್ಮಿ. ಗಲಾಟೆ ಕಮ್ಮಿಯಾದರೆ ಜನ ಹೊರಗೆ ನಿಲ್ಲುತ್ತಾರೆ, ಮಾತಾಡುತ್ತಾರೆ, ಮಕ್ಕಳು ಬೀದಿಯಲ್ಲಿ ಆಡುತ್ತಾರೆ. ಮನೆ ಹುಡುಕುವವರು ಕೇಳುವುದೂ ಇದನ್ನೇ ಅಲ್ವಾ? ರಾತ್ರಿ ನಿದ್ದೆ, ಹಗಲು ಹಕ್ಕಿಯ ದನಿ, ಮಗು ಗೇಟು ತೆರೆದು ಓಡಿದರೂ ಎದೆ ಝಲ್ ಅನ್ನದ ರಸ್ತೆ.

ಕಾರಿಗೂ ನ್ಯಾಯ ಸಲ್ಲಬೇಕು. ಬಡಾವಣೆ ಹೀಗಿರುವಾಗ ಕಾರು ನಿಜವಾಗಿಯೂ ಸ್ವಾತಂತ್ರ್ಯವೇ. ಇಡೀ ವಾರದ ಸಾಮಾನು, ಮಳೆಯಲ್ಲಿ ಒದ್ದೆಯಾಗದ ಮಗು, ನಡುರಾತ್ರಿಯ ಆಸ್ಪತ್ರೆ ಎಲ್ಲಕ್ಕೂ ಅದೇ ಗತಿ. ಓಡಿಸಲು ಬರುವ, ಆರೋಗ್ಯ ಚೆನ್ನಾಗಿರುವ, ಕೈಯಲ್ಲಿ ದುಡ್ಡಿರುವ ಮೂವತ್ತೈದರ ಹರೆಯದವರಿಗೆ ಈ ವ್ಯವಸ್ಥೆಯಲ್ಲಿ ಕೊರತೆಯೇ ಕಾಣುವುದಿಲ್ಲ. ಆ ಮೂರರಲ್ಲಿ ಒಂದು ತಪ್ಪಿದಾಗ ಮಾತ್ರ ಕಾಣುತ್ತದೆ.

ಸ್ಟಿಯರಿಂಗ್ ಹಿಡಿಯಲಾಗದವರು

ಹನ್ನೆರಡು ವರ್ಷದ ಹುಡುಗಿಗೆ ಬೀದಿ ತುಂಬ ಸುರಕ್ಷಿತ, ಆದರೆ ಹೋಗಲು ಜಾಗವೇ ಇಲ್ಲ. ಗೆಳತಿಯ ಮನೆ, ಲೈಬ್ರರಿ, ಆಟದ ಕ್ಲಾಸು ಎಲ್ಲಕ್ಕೂ ಅಪ್ಪನೋ ಅಮ್ಮನೋ ಕಾರು ತೆಗೆಯಬೇಕು. ಅಮೆರಿಕದಲ್ಲಿ 1969ರಲ್ಲಿ ಎಂಟನೇ ತರಗತಿವರೆಗಿನ ಮಕ್ಕಳಲ್ಲಿ ಶೇ. 48ರಷ್ಟು ನಡೆದೋ ಸೈಕಲ್ಲಿನಲ್ಲೋ ಶಾಲೆಗೆ ಹೋಗುತ್ತಿದ್ದರು. 2009ರ ಹೊತ್ತಿಗೆ ಅದು ಶೇ. 13ಕ್ಕೆ ಇಳಿಯಿತು. ಶಾಲೆ ದೂರವಾದದ್ದು ಒಂದು ಕಾರಣ, ಹೆತ್ತವರ ಭಯ ಇನ್ನೊಂದು. ಮಕ್ಕಳನ್ನು ಬಿಡಲು ಬರುವ ಕಾರುಗಳಿಂದಲೇ ಶಾಲೆಯ ಮುಂದೆ ದಟ್ಟಣೆ. ಆ ದಟ್ಟಣೆ ಕಂಡು ಮಿಕ್ಕವರೂ ಮಕ್ಕಳನ್ನು ನಡೆದು ಕಳಿಸಲು ಹೆದರುತ್ತಾರೆ. ಈ ಸಾರಥ್ಯ ಮನೆಯಲ್ಲಿ ಯಾರ ತಲೆಗೆ ಬೀಳುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ಅಮ್ಮಂದಿರಿಗೇ.

ವಯಸ್ಸಾದವರ ಕಷ್ಟ ಇನ್ನೂ ಗಟ್ಟಿ. ಕಾರು ಓಡಿಸುವುದನ್ನು ಬಿಟ್ಟ ಮೇಲೂ ಗಂಡಸರು ಸರಾಸರಿ ಆರೇಳು ವರ್ಷ, ಹೆಂಗಸರು ಸುಮಾರು ಹತ್ತು ವರ್ಷ ಬದುಕುತ್ತಾರೆ ಎಂದು 2002ರ ಅಮೆರಿಕನ್ ಅಧ್ಯಯನ ತೋರಿಸಿತು. ಕಣ್ಣು ಮಂಜಾದ, ಮೊಣಕಾಲು ನೋಯುವ ಹಿರಿಯರಿಗೆ ಆ ಹತ್ತು ವರ್ಷ ಬಲು ಉದ್ದ. ಸ್ವಂತ ಮನೆ, ಕೈತೋಟ, ಒಳ್ಳೆ ಗಾಳಿ ಎಲ್ಲ ಇದೆ. ರಕ್ತ ಪರೀಕ್ಷೆಗೆ ಹೋಗಬೇಕಾದರೆ ಮಾತ್ರ ಮಗನ ರಜೆಗೆ ಕಾಯಬೇಕು. ಹಾಗಾಗಿ ಕಣ್ಣು ಕಾಣದಿದ್ದರೂ ಎಷ್ಟೋ ಜನ ಕೀಲಿ ಕೆಳಗಿಡುವುದಿಲ್ಲ. ಅದು ಹಠದಂತೆ ಕಾಣುತ್ತದೆ, ಆದರೆ ಕೀಲಿ ಕೊಟ್ಟುಬಿಟ್ಟರೆ ಅವರ ಬದುಕು ಗೇಟಿನವರೆಗೆ ಮಾತ್ರ.

ಸದ್ದು ಎಲ್ಲಿಗೆ ಹೋಯಿತು?

ಒಳರಸ್ತೆಯಲ್ಲಿ ವಾಹನ ಇಲ್ಲ ಎಂದರೆ ಅದು ಮಾಯವಾಗಿದೆ ಎಂದಲ್ಲ. ನೂರಾರು ಡೆಡ್ ಎಂಡ್‌ಗಳ ಕಾರುಗಳೆಲ್ಲ ಬಂದು ಬೀಳುವುದು ಒಂದೇ ದೊಡ್ಡ ರಸ್ತೆಗೆ. ಹಳೇ ಊರಿನ ಚೌಕಳಿ ಬೀದಿಗಳಲ್ಲಿ ಹತ್ತು ದಾರಿಗಳಲ್ಲಿ ಹಂಚಿಹೋಗುತ್ತಿದ್ದ ವಾಹನಗಳಿಗೆ ಇಲ್ಲಿ ಬೇರೆ ದಾರಿಯಿಲ್ಲ. ಆ ರಸ್ತೆಯನ್ನು ಅಗಲ ಮಾಡುತ್ತಾರೆ. ಅಗಲವಾದಂತೆ ವೇಗ ಏರುತ್ತದೆ. ಜಾಗ ಅಗ್ಗವಾದ್ದರಿಂದ ಬಾಡಿಗೆ ಅಪಾರ್ಟ್‌ಮೆಂಟುಗಳು ಅದೇ ರಸ್ತೆಯ ಬದಿಯಲ್ಲಿ ಏಳುತ್ತವೆ. ಯಾಕೆಂದರೆ ಒಳಗೆ ಕಟ್ಟಲು ಅನುಮತಿಯಿಲ್ಲ. ಕಾರಿಲ್ಲದೆ ಬಸ್ಸಿಗಾಗಿ ರಸ್ತೆ ದಾಟುವವರು ಜಾಸ್ತಿ ಇರುವುದೂ ಅಲ್ಲೇ.

ಅಮೆರಿಕದಲ್ಲಿ ಪಾದಚಾರಿಗಳ ಸಾವು ಹೆಚ್ಚಾಗಿ ಆಗುವುದು ಇಂಥ ರಸ್ತೆಗಳಲ್ಲಿ. ಗಂಟೆಗೆ ಸುಮಾರು 37 ಕಿ.ಮೀ. ವೇಗದ ಕಾರು ಗುದ್ದಿದರೆ ಹತ್ತರಲ್ಲಿ ಒಬ್ಬರು ಸಾಯುತ್ತಾರೆ. 68 ಕಿ.ಮೀ. ಆದರೆ ಇಬ್ಬರಲ್ಲಿ ಒಬ್ಬರು. ಒಳಗಿನವರ ನೆಮ್ಮದಿಯ ಖರ್ಚಿನಲ್ಲಿ ಒಂದು ಭಾಗವನ್ನು ಕಟ್ಟುತ್ತಿರುವವರು ದೊಡ್ಡ ರಸ್ತೆಯ ಬದಿಯವರು. ಈ ಇಡೀ ಚರ್ಚೆಯಲ್ಲಿ ಅವರ ದನಿ ಕೇಳುವುದು ತೀರಾ ಅಪರೂಪ.

ಯಾರ ವಾದ ಏನು?

ಬಡಾವಣೆಯವರು ಹೇಳುವುದು: ಈ ನೆಮ್ಮದಿಗಾಗಿಯೇ ಸಾಲ ಮಾಡಿ ಮನೆ ಕೊಂಡೆವು, ನಿಯಮ ನಡುವೆ ಬದಲಿಸಬೇಡಿ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ, ಮನೆ ಅವರ ಜೀವಮಾನದ ಗಳಿಕೆ. ಯೋಜಕರು, ಪರಿಸರದ ಕಾಳಜಿಯವರು ಹೇಳುವುದು: ಹೀಗೇ ಹರಡಿಕೊಂಡರೆ ನೀರಿನ ಪೈಪು, ರಸ್ತೆ, ಚರಂಡಿ ಎಲ್ಲವೂ ಮನೆಯೊಂದಕ್ಕೆ ದುಬಾರಿ, ಕಾರಿನ ಹೊಗೆಯೂ ತಗ್ಗುವುದಿಲ್ಲ. ಮೂರನೆಯವರದ್ದು ಮಾರುಕಟ್ಟೆಯ ವಾದ: ಜನಕ್ಕೆ ಒಂಟಿ ಮನೆಯೇ ಬೇಕಾದರೆ ಬೇರೆ ಬಗೆಯದನ್ನು ಕಾನೂನು ನಿಷೇಧಿಸುವ ಅಗತ್ಯ ಏನಿದೆ? ಈ ಮೂರನೆಯ ಪ್ರಶ್ನೆಗೆ ಸರಿಯಾದ ಉತ್ತರ ಯಾರೂ ಕೊಟ್ಟಂತೆ ಕಾಣುವುದಿಲ್ಲ.

ಎಲೆಕ್ಟ್ರಿಕ್ ಕಾರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಹೊಗೆ ಕಮ್ಮಿಯಾಗುತ್ತದೆ, ನಿಜ. ಔಷಧಿ ಅಂಗಡಿ ಮಾತ್ರ ಇದ್ದಲ್ಲೇ ಇರುತ್ತದೆ.

ನಿಯಮ ಬದಲಾದ ಕಡೆ ಏನಾಯಿತು?

ಪಾರ್ಕಿಂಗ್ ಕಡ್ಡಾಯವನ್ನು ಇಡೀ ಊರಿಗೆ ಕೈಬಿಟ್ಟ ಮೊದಲ ದೊಡ್ಡ ಅಮೆರಿಕನ್ ನಗರ ಬಫಲೊ, 2017ರಲ್ಲಿ. ಕೆನಡಾದ ಎಡ್ಮಂಟನ್ 2020ರಲ್ಲಿ, ಟೆಕ್ಸಸ್‌ನ ಆಸ್ಟಿನ್ 2023ರಲ್ಲಿ ಅದೇ ದಾರಿ ಹಿಡಿದವು. ಪಾರ್ಕಿಂಗ್‌ಗೆ ನಿಷೇಧ ಎಲ್ಲೂ ಇಲ್ಲ. ಎಷ್ಟು ಜಾಗ ಬಿಡಬೇಕು ಎಂಬುದನ್ನು ಕಟ್ಟುವವರಿಗೇ ಬಿಟ್ಟಿದ್ದಾರೆ, ಅಷ್ಟೇ.

ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ತನ್ನ ವಸತಿ ಜಾಗದ ಸುಮಾರು ಮುಕ್ಕಾಲು ಪಾಲಿನಲ್ಲಿ ಜಾಸ್ತಿ ಮನೆ ಕಟ್ಟಲು ಅನುಮತಿ ಕೊಟ್ಟಿತು. ಆಮೇಲಿನ ವರ್ಷಗಳಲ್ಲಿ ಮನೆ ಕಟ್ಟುವುದು ಭರ್ಜರಿಯಾಗಿ ಏರಿತು. ಒಂದು ಮನೆಯಿದ್ದ ಸೈಟಿನಲ್ಲಿ ಸಾಲು ಮನೆಗಳು ಬಂದವು. ಅಮೆರಿಕದ ಮಿನಿಯಾಪೊಲಿಸ್ ನಗರ 2018ರ ಡಿಸೆಂಬರಿನಲ್ಲಿ ಒಂಟಿ ಮನೆಯ ಸೈಟಿನಲ್ಲೂ ಮೂರು ಮನೆ ಕಟ್ಟಬಹುದು ಎಂದಿತು. ಅಲ್ಲಿ ಅಂಥ ಮೂರು ಮನೆಯ ಕಟ್ಟಡಗಳು ಎದ್ದದ್ದು ತೀರಾ ಕಮ್ಮಿ. ಹೆಚ್ಚಿನ ಹೊಸ ಮನೆಗಳು ಬಂದದ್ದು ಬಸ್ ಓಡಾಡುವ ಮುಖ್ಯರಸ್ತೆಗಳ ದೊಡ್ಡ ಕಟ್ಟಡಗಳಲ್ಲಿ. ವ್ಯತ್ಯಾಸ ಯಾಕೆ? ಅನುಮತಿ ಕೊಟ್ಟು, ಎತ್ತರ ಮತ್ತು ಕಟ್ಟಡದ ಒಟ್ಟು ಅಳತೆಯ ಮಿತಿಯನ್ನು ಬಿಗಿಯಾಗೇ ಇಟ್ಟರೆ ಯಾರೂ ಕೈಹಾಕುವುದಿಲ್ಲ.

ಇವೆರಡಕ್ಕಿಂತ ನೆದರ್‌ಲೆಂಡ್ಸ್‌ನ ಹೌಟೆನ್ ನಮಗೆ ಜಾಸ್ತಿ ಕಲಿಸುತ್ತದೆ. ಸುಮಾರು 50,000 ಜನರ ಊರು. ಇದು ಆಕ್ಸ್‌ಫರ್ಡ್‌ನಂಥ ಹಳೇ ನಗರವಲ್ಲ, 1970ರ ದಶಕದಿಂದ ಈಚೆಗೆ ಬೆಳೆದ ವಸತಿ ಪ್ರದೇಶವೇ. ಅಲ್ಲೂ ಬೀದಿಗಳು ಸದ್ದಿಲ್ಲದವು, ಅಲ್ಲೂ ಕಾರಿಗೆ ಡೆಡ್ ಎಂಡ್. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬೇಕಾದರೆ ರಿಂಗ್ ರೋಡಿಗೆ ಬಂದು ಸುತ್ತಬೇಕು. ಸೈಕಲ್ಲಿಗೆ, ನಡಿಗೆಗೆ ಮಾತ್ರ ಊರ ನಡುವೆ ನೇರ ದಾರಿ. ಶಾಲೆ, ಅಂಗಡಿ, ರೈಲ್ವೆ ನಿಲ್ದಾಣ ಆ ದಾರಿಯ ಬದಿಯಲ್ಲೇ ಇವೆ. ಜನರ ಮನೆಯಲ್ಲಿ ಕಾರಿದೆ, ಓಡಿಸುತ್ತಾರೆ ಕೂಡ. ಎಲ್ಲದಕ್ಕೂ ಅದೇ ಬೇಕು ಎಂದಿಲ್ಲ. ಸದ್ದಿಲ್ಲದ ಬೀದಿಗೆ ಕಾರಿನ ಹಂಗು ಬೇಕೇಬೇಕು ಅನ್ನುವ ನಂಬಿಕೆ ಇಲ್ಲಿ ಮುರಿದುಬೀಳುತ್ತದೆ.

ಮುಂದೇನು? ಮೊದಲು ಯಾವುದು ಅನ್ನುವುದೇ ಮುಖ್ಯ

ಆಕ್ಸ್‌ಫರ್ಡ್‌ನ ಸಿಟ್ಟಿನ ಅರ್ಧ ಭಾಗ ಅರ್ಥವಾಗುವುದು ಈಗ. ಬೇರೆ ದಾರಿಯೇ ಇಲ್ಲದವರ ಮುಂದೆ ಕ್ಯಾಮೆರಾ ಇಟ್ಟರೆ ಅದು ಅವರಿಗೆ ಬೀಗದಂತೆ ಕಾಣುತ್ತದೆ. ಹತ್ತಿರದ ಅಂಗಡಿ ಇನ್ನೂ ಕಾಗದದ ಮೇಲಿದೆ, ದಂಡ ಮಾತ್ರ ನಾಳೆಯಿಂದಲೇ. ಈ ಕ್ರಮ ತಲೆಕೆಳಗಾದ ಕಡೆಯೆಲ್ಲ ಯೋಜನೆ ಮುಗ್ಗರಿಸುವುದು ಸಹಜ, ಅದರ ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ಇರುವ ಬಡಾವಣೆಗಳನ್ನು ಕೆಡವಿ ಹೊಸದಾಗಿ ಕಟ್ಟುವುದು ಆಗದ ಮಾತು. ಕಟ್ಟಡಗಳು ಐವತ್ತು ವರ್ಷಕ್ಕೆ ಬದಲಾಗಬಹುದು, ರಸ್ತೆಯ ನಕ್ಷೆ ನೂರಾರು ವರ್ಷ ಹಾಗೇ ಉಳಿಯುತ್ತದೆ. ಹಾಗಾಗಿ ಆಗುವ ಕೆಲಸಗಳು ಚಿಕ್ಕವೇ: ಎರಡು ಡೆಡ್ ಎಂಡ್‌ಗಳ ನಡುವೆ ಒಂದು ಕಾಲುದಾರಿ, ಮೂಲೆ ಮನೆಯಲ್ಲಿ ಅಂಗಡಿಗೆ ಅನುಮತಿ, ಹಿತ್ತಿಲಲ್ಲಿ ಅಜ್ಜಿತಾತನಿಗೋ ಬಾಡಿಗೆಗೋ ಪುಟ್ಟ ಮನೆ, ದೊಡ್ಡ ರಸ್ತೆಗೆ ದಾಟುವ ಜಾಗ. ಇವುಗಳಲ್ಲಿ ಖರ್ಚು ಕಮ್ಮಿ, ಫಲ ಜಾಸ್ತಿ ಇರುವುದು ಕಾಲುದಾರಿಗೆ. ವಿರೋಧ ಜೋರಾಗಿ ಬರುವುದೂ ಅದಕ್ಕೇ, ತಮ್ಮ ಬೇಲಿಯ ಪಕ್ಕ ಅಪರಿಚಿತರು ಓಡಾಡುವುದು ಯಾರಿಗೂ ಬೇಡ.

ತೀರ್ಮಾನ ಮಾಡುವವರು ಯಾರು ಅನ್ನುವುದು ಕೊನೆಗೂ ಬಗೆಹರಿಯದ ತೊಡಕು. ಸಭೆಗೆ ಬಂದು ಕೈ ಎತ್ತುವವರು ಈಗಿನ ನಿವಾಸಿಗಳು. ಮುಂದೆ ಅಲ್ಲಿ ಮನೆ ಸಿಗಬಹುದಾದವರು, ದೊಡ್ಡ ರಸ್ತೆಯ ಬದಿಯ ಬಾಡಿಗೆದಾರರು ಆ ಸಭೆಯಲ್ಲಿ ಇರುವುದಿಲ್ಲ. ಅದಕ್ಕೇ ಕೆಲವು ದೇಶ, ರಾಜ್ಯಗಳು ಈ ಅಧಿಕಾರವನ್ನು ಮೇಲಕ್ಕೆ ಎಳೆದುಕೊಳ್ಳುತ್ತಿವೆ, ಅದರಿಂದ ಇನ್ನೊಂದು ಬಗೆಯ ಜಗಳ ಶುರುವಾಗಿದೆ. ನ್ಯೂಜಿಲೆಂಡಿನಲ್ಲಿ 2021ರಲ್ಲಿ ಎರಡೂ ದೊಡ್ಡ ಪಕ್ಷಗಳು ಸೇರಿ ದಟ್ಟವಾಗಿ ಮನೆ ಕಟ್ಟುವ ಕಾನೂನು ತಂದವು, 2023ರಲ್ಲಿ ಅದರಲ್ಲೊಂದು ಪಕ್ಷ ಹಿಂದೆ ಸರಿಯಿತು. ಮಿನಿಯಾಪೊಲಿಸ್ ಯೋಜನೆಯನ್ನು ಪರಿಸರ ಕಾನೂನಿನ ಹೆಸರಿನಲ್ಲಿ ಪ್ರಶ್ನಿಸಿದರು. 2023ರಲ್ಲಿ ಕೋರ್ಟ್ ಅದಕ್ಕೆ ತಡೆ ಹಾಕಿತು. 2024ರಲ್ಲಿ ರಾಜ್ಯದ ಶಾಸಕರು ಕಾನೂನನ್ನೇ ತಿದ್ದಿ ಆ ಗಂಟು ಬಿಡಿಸಬೇಕಾಯಿತು.